ತಣ್ಣನೆಯ ಸಮುದ್ರಕ್ಕೆ ಅಳತೆಯ ಅಂಗಿ

ಐರ್ಲೆಂಡಿಗೆ ಹೋಗಿ ಏನು ನೋಡಿಕೊಂಡು ಬಂದೆ ಎಂದು ಹುಣಸೂರಿನಲ್ಲಿ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಒಂದು ರಬ್ಬರಿನ ಅಂಗಿ. ಕೋಟೆ ನೋಡಿದೆ, ಕಲ್ಲಿನ ಚರ್ಚು ನೋಡಿದೆ, ಕುರಿಗಳು ಚೆಲ್ಲಿಕೊಂಡ ಹಸಿರು ಗುಡ್ಡಗಳನ್ನು ಬಸ್ಸಿನ ಕಿಟಕಿಯಿಂದ ಸಾಕಾಗುವಷ್ಟು ನೋಡಿದೆ. ಆದರೂ ಕಣ್ಣು ಮುಚ್ಚಿದರೆ ಕಾಣುವುದು ಆ ಕರಿಯ ಅಂಗಿ, ಅದರೊಳಗೆ ನನ್ನ ತಂಗಿ, ಅವಳ ಸುತ್ತ ಮಂಜಿನ ಬಣ್ಣದ ನೀರು.

ನಾನು ದರ್ಜಿ. ಹುಣಸೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಅಂಗಡಿಯ ಮೆಟ್ಟಿಲು ಹತ್ತಿ ಬರುವವರ ಅಳತೆ, ಅವರು ಬಾಯಿ ತೆರೆಯುವ ಮೊದಲೇ ನನಗೆ ಅರ್ಧ ಗೊತ್ತಾಗಿರುತ್ತದೆ. ತಂಗಿ ಸವಿತಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು, ನರ್ಸು. ಮದುವೆ ಬೇಡವೆಂದು ತೀರ್ಮಾನಿಸಿಕೊಂಡು, ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಸಣ್ಣ ಬಂದರಿನ ಊರಿನಲ್ಲಿ ಹದಿನೈದು ವರ್ಷದಿಂದ ಇದ್ದಾಳೆ. ನಮ್ಮಿಬ್ಬರ ನಡುವಿನವನು ಶಿವಣ್ಣ. ಗುರುಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೊಗೆಸೊಪ್ಪು, ರಾಗಿ ಬೆಳೆದುಕೊಂಡಿದ್ದಾನೆ. ಮೂವರಿಗೂ ಈಜು ಕಲಿಸಿದ್ದು ಅಪ್ಪ, ಹೊಲದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ. ನಾನೂ ಶಿವಣ್ಣನೂ ಕಲಿತು, ಅಲ್ಲಿಗೇ ಬಿಟ್ಟೆವು. ಸವಿತಾ ಮಾತ್ರ ನೀರನ್ನು ಬಿಡಲಿಲ್ಲ. ಅಲ್ಲಿಗೆ ಹೋದ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುವುದನ್ನೂ ಕಲಿತಳು. ಕರಿ ಸೂಟು ಹಾಕಿಕೊಂಡು ಹಲ್ಲು ಬಿಟ್ಟ ಫೋಟೋಗಳನ್ನು ಕಳಿಸುತ್ತಿದ್ದಳು. ಎರಡು ವರ್ಷದಿಂದ ಆ ಫೋಟೋಗಳು ನಿಂತಿದ್ದವು. ಕೆಲಸ ಜಾಸ್ತಿ ಇರಬೇಕು ಅಂದುಕೊಂಡಿದ್ದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಫೋನು ಬಂತು.

"ಅಕ್ಕ, ಜುಲೈಗೆ ಬಂದ್ಬುಡು. ಮೂರ್ ವಾರ. ನಿಂಗೂ ಒಂದ್ ಸೂಟ್ ತಕ್ಕೊಡ್ತೀನಿ. ಇಬ್ರೂ ಸಮುದ್ರಕ್ಕೆ ಇಳಿಯಾನ."

"ಈ ವಯಸ್ನಲ್ಲಿ ನಾನ್ಯಾವ ಸಮುದ್ರಕ್ಕೆ ಇಳೀಲೇ? ಅಂಗ್ಡಿ ಯಾರ್ ನೋಡ್ಕತಾರೆ?"

"ಅಂಗ್ಡಿ ಎಲ್ಲಿಗೂ ಓಗಲ್ಲ ಕಣಕ್ಕ. ಬಾ."

ಆ 'ಬಾ'ದಲ್ಲಿ ಕರೆಯುವುದಕ್ಕಿಂತ ಹೆಚ್ಚಿನದು ಏನೋ ಇತ್ತು. ನಾನು ಅಂಗಡಿಗೆ ಬೀಗ ಹಾಕಿದೆ. ಅವಳ ಹಳೆಯ ಅಳತೆಗೆ ನಾಲ್ಕು ಬ್ಲೌಸ್ ಹೊಲಿದು ಪೆಟ್ಟಿಗೆಯ ತಳಕ್ಕೆ ಇಟ್ಟೆ. ವರ್ಷಕ್ಕೆ ಎರಡು ಸಲ ಪಾರ್ಸೆಲ್ ಕಳಿಸುವುದು ಹೇಗೂ ಇತ್ತು, ಈ ಸಲ ಕೈಯಲ್ಲೇ ಕೊಡಬಹುದು ಎಂಬ ಖುಷಿ.

ಮುಗಿಯದ ಸಂಜೆಗಳು

ವಿಮಾನ ನಿಲ್ದಾಣದಲ್ಲಿ ಸವಿತಾ ನನ್ನನ್ನು ಬಲಗಡೆಯಿಂದ ತಬ್ಬಿಕೊಂಡಳು. ಎಡ ಹೆಗಲು ಅರ್ಧ ಇಂಚು ಇಳಿದಿತ್ತು. ಬೇಸಿಗೆಯಲ್ಲೂ ಜೋಲಾಡುವ ಸ್ವೆಟರು. ದರ್ಜಿಯ ಕಣ್ಣಿಗೆ ಅದು ಬಿತ್ತು, ಅಕ್ಕನ ಮನಸ್ಸು ಅದನ್ನು ಪಕ್ಕಕ್ಕೆ ತಳ್ಳಿತು. ರಾತ್ರಿ ಪಾಳಿ ಮಾಡಿ ದಣಿದಿದ್ದಾಳೆ ಅಂದುಕೊಂಡೆ.

ಆ ಊರಿನಲ್ಲಿ ಜುಲೈ ತಿಂಗಳ ಸಂಜೆ ಮುಗಿಯುವುದೇ ಇಲ್ಲ. ಊಟ ಆಗಿ, ಪಾತ್ರೆ ತೊಳೆದು, ಕಿಟಕಿಯ ಬಳಿ ಕುಳಿತರೆ ಹೊರಗೆ ಇನ್ನೂ ನಮ್ಮ ನಾಲ್ಕು ಗಂಟೆಯ ಬಿಸಿಲು. ಬಿಸಿಲು ಅನ್ನುವುದೂ ತಪ್ಪು, ಹಾಲಿಗೆ ಒಂದು ಚಿಟಿಕೆ ಅರಿಶಿನ ಹಾಕಿದಂಥ ಬೆಳಕು. ದಪ್ಪ ಪರದೆ ಎಳೆದು ಮಲಗಬೇಕು. ಬೆಳಿಗ್ಗೆ ಸಮುದ್ರದಿಂದ ಮಂಜು ಎದ್ದು ಓಣಿಯೊಳಕ್ಕೆ ಬರುತ್ತದೆ. ಚಳಿಗಾಲದಲ್ಲಿ ಅಂತರಸಂತೆಯ ಕಡೆ ಕಬಿನಿ ಹಿನ್ನೀರಿನ ಮೇಲೆ ಕೂರುವ ಮಂಜು ಇದೇ ಬಣ್ಣ. ಅಲ್ಲಿ ಅದರೊಳಗಿಂದ ಆನೆ ಬರಬಹುದು ಎಂದು ಕಿವಿ ನೆಟ್ಟಗಾಗಿರುತ್ತದೆ. ಇಲ್ಲಿ ಹಾಲಿನ ಗಾಡಿ ಬರುತ್ತದೆ.

ಆ ಜನರ ಅಭ್ಯಾಸಗಳು ವಿಚಿತ್ರ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಎದುರಿನಿಂದ ಕಾರು ಬಂದರೆ, ಓಡಿಸುವವನು ಸ್ಟೀರಿಂಗಿನಿಂದ ಒಂದೇ ಒಂದು ಬೆರಳು ಎತ್ತುತ್ತಾನೆ, ಅದೇ ನಮಸ್ಕಾರ. ಮೂರು ದಿನದಲ್ಲಿ ನಾನೂ ನಡೆಯುತ್ತ ಬೆರಳೆತ್ತುವುದನ್ನು ಕಲಿತೆ. ಯಾರು ಹೇಗಿದ್ದಾರೆ ಎಂದು ಕೇಳಿದರೂ, ಮಳೆ ಸುರಿಯುತ್ತಿದ್ದರೂ, ಎಲ್ಲಕ್ಕೂ 'ಗ್ರ್ಯಾಂಡ್' ಎಂಬ ಒಂದೇ ಉತ್ತರ. ಒಂದು ದಿನ ಹಿತ್ತಲಲ್ಲಿ ಒಣಗಲು ಹಾಕಿದ್ದ ನನ್ನ ಸೀರೆಯನ್ನು ಗಾಳಿ ಹೊತ್ತುಕೊಂಡು ಹೋಯಿತು. ಮೂರು ಮನೆಯಾಚೆ ಬೇಲಿಗೆ ಸಿಕ್ಕಿಕೊಂಡಿದ್ದ ಅದನ್ನು ಒಬ್ಬ ಮುದುಕರು ಬಾವುಟ ಮಡಿಸುವ ಹಾಗೆ ಮಡಿಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಇಷ್ಟು ಉದ್ದದ ಬಟ್ಟೆ ಯಾವ ಕಿಟಕಿಯ ಪರದೆ ಎಂದು ಕೇಳಿದರಂತೆ. ಸವಿತಾ ನಕ್ಕು ನಕ್ಕು ಬಾಗಿಲಿಗೆ ಒರಗಿದಳು. ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ದಿನಾ ಬೆಳಿಗ್ಗೆ ಬಂದರಿನ ಕಲ್ಲುಕಟ್ಟೆಗೆ ಏಳೆಂಟು ಮಂದಿ ಈಜಲು ಬರುತ್ತಾರೆ. ಎಪ್ಪತ್ತು ದಾಟಿದ ಹೆಂಗಸರೂ ಇದ್ದಾರೆ. ಆ ಮಂಜುಗಡ್ಡೆಯಂಥ ನೀರಿಗೆ ಸುಮ್ಮನೆ ಇಳಿದು, ಹತ್ತು ನಿಮಿಷ ಆಡಿ, ಮೇಲೆ ಬಂದು, ಅಲ್ಲೇ ಎಲ್ಲರ ಎದುರು ಟವೆಲ್ ಸುತ್ತಿಕೊಂಡು ಬಟ್ಟೆ ಬದಲಿಸಿ ಟೀ ಕುಡಿಯುತ್ತಾರೆ. ನಾನು ಬೆರಗಾಗಿ ನೋಡುತ್ತಿದ್ದೆ. ಸವಿತಾ ಅತ್ತ ಮುಖ ಮಾಡದೆ ದೂರದ ದೋಣಿಗಳನ್ನು ನೋಡುತ್ತಿದ್ದಳು.

"ನೀನ್ಯಾಕೆ ಇಳಿಯಲ್ವೇ?" ಎಂದೆ.

"ಸೂಟ್ ಇಲ್ದೆ ನಂಗಾಗಲ್ಲ ಕಣಕ್ಕ. ನಾಳೆ ಅಂಗ್ಡಿಗೆ ಓಗಾನ."

ಮೇವ್ ಅವರ ಅಂಗಡಿ

ಅಂಗಡಿ ಬಂದರಿನ ಮೂಲೆಯಲ್ಲಿತ್ತು. ಒಳಗೆ ಹೊಸ ಟೈರಿನ ವಾಸನೆ. ಗೋಡೆಯುದ್ದಕ್ಕೂ ತಲೆಯಿಲ್ಲದ ಕರಿಯ ಮನುಷ್ಯರ ಹಾಗೆ ಸೂಟುಗಳು ನೇತಾಡುತ್ತಿದ್ದವು. ಅರವತ್ತು ದಾಟಿದ, ಬೆಳ್ಳಗಿನ ಕತ್ತರಿಸಿದ ಕೂದಲಿನ ಹೆಂಗಸು ಎದ್ದು ಬಂದು ಕೈ ಕುಲುಕಿ ತಮ್ಮ ಹೆಸರು ಹೇಳಿದರು. ಮೇವ್. ಡೈವಿಂಗ್ ಕಲಿಸುವವರೂ ಅವರೇ.

ನಾನು ತಂಗಿಯ ಮುಖ ನೋಡಿದೆ. "ದನದ್ ಮೇವಾ?"

"ಸುಮ್ನಿರಕ್ಕ," ಎಂದು ಅವಳು ತುಟಿ ಕಚ್ಚಿಕೊಂಡಳು. ಏನೆಂದು ಮೇವ್ ಕೇಳಿದರು. ಸವಿತಾ ಇಂಗ್ಲಿಷಿನಲ್ಲಿ ವಿವರಿಸಿದಾಗ ಆ ಪುಣ್ಯಾತ್ಗಿತ್ತಿ ಮೇಜು ಬಡಿದು ನಕ್ಕರು. ಹಾಗಾದರೆ ತಮ್ಮನ್ನು ನೋಡಿದರೆ ನಮ್ಮೂರಿನ ಹಸುಗಳಿಗೆಲ್ಲ ಖುಷಿಯಾದೀತು ಅಂದರಂತೆ.

ಆಮೇಲೆ ಅವರು ಸೂಟಿನ ಗುಟ್ಟು ಹೇಳಿದರು, ಸವಿತಾ ನನಗೆ ಕನ್ನಡ ಮಾಡಿ ಹೇಳಿದಳು. ನಾನು ಅಂದುಕೊಂಡಿದ್ದಕ್ಕೆ ಅದು ಪೂರಾ ಉಲ್ಟಾ. ವೆಟ್‌ಸೂಟು ನೀರನ್ನು ಹೊರಗಿಡುವ ಮಳೆಕೋಟಲ್ಲ. ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ. ಮೈಗೂ ರಬ್ಬರಿಗೂ ನಡುವೆ ತೆಳ್ಳಗೆ ನಿಲ್ಲುವ ಆ ನೀರನ್ನು ಮೈಯೇ ಕಾಯಿಸಿಕೊಳ್ಳುತ್ತದೆ. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರು ಆ ಬಿಸಿಯನ್ನು ಹಿಡಿದಿಡುತ್ತದೆ. ಅಂಗಿ ಎಲ್ಲಾದರೂ ಸಡಿಲವಿದ್ದರೆ ಬೆಚ್ಚಗಿನ ನೀರು ಹೊರಗೆ ಹೋಗಿ ತಣ್ಣೀರು ಒಳಗೆ ಬರುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಆಗ ನೀವು ಇಡೀ ಸಮುದ್ರವನ್ನೇ ಕಾಯಿಸಲು ಹೊರಟಂತಾಗುತ್ತದೆ ಎಂದರು ಮೇವ್. ಬಿಸಿಲ ನಾಡಿನ ಸಮುದ್ರಕ್ಕೆ ಮೂರು ಮಿಲಿಮೀಟರ್ ದಪ್ಪ ಸಾಕು, ಇಲ್ಲಿಗೆ ಏಳು ಬೇಕು. ಆದರೆ ದಪ್ಪಕ್ಕಿಂತ ದೊಡ್ಡದು ಅಳತೆ.

ನನಗೆ ಮೈ ಝುಂ ಅಂದಿತು. ಭೂಮಿಯ ಇನ್ನೊಂದು ತುದಿಗೆ ಬಂದು ನನ್ನ ಕಸುಬಿನ ಮಾತನ್ನೇ ಕೇಳುತ್ತಿದ್ದೆ.

ಎರಡು ಸೂಟುಗಳನ್ನು ಒಳಗೆ ಹೊರಗೆ ಮಾಡಿ ಹೊಲಿಗೆ ನೋಡಿದೆ. ಒಂದರಲ್ಲಿ ಸೂಜಿ ರಬ್ಬರನ್ನು ಈಚೆಯಿಂದ ಆಚೆಗೆ ತೂತು ಮಾಡಿಕೊಂಡು ಹೋಗಿತ್ತು. ಇನ್ನೊಂದರಲ್ಲಿ ಎರಡು ಅಂಚನ್ನೂ ಅಂಟಿಸಿ, ಸೂಜಿ ಅರ್ಧ ದಪ್ಪದವರೆಗೆ ಮಾತ್ರ ಇಳಿದು ಹಾಗೇ ಹಿಂದಕ್ಕೆ ಬಂದಿತ್ತು. ಹೊರಗಡೆ ಒಂದು ತೂತೂ ಇಲ್ಲ. ಸೀರೆಗೆ ಫಾಲ್ ಹಚ್ಚುವಾಗ ನಾವು ಒಂದೊಂದೇ ಎಳೆ ಹಿಡಿದು ಹಾಕುವ ಹೊಲಿಗೆಯ ಹಾಗೆ. "ಇದು," ಎಂದು ಎರಡನೆಯದನ್ನು ಎತ್ತಿ ಹಿಡಿದೆ. ಮೇವ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಮ್ಮಲ್ಲಿ ಸೂಟು ಕೊಳ್ಳುವವರು ಇದನ್ನು ಕಂಡುಹಿಡಿಯಲು ಹತ್ತು ವರ್ಷ ತೆಗೆದುಕೊಳ್ಳುತ್ತಾರೆ ಎಂದರು.

ನನ್ನ ಜಂಬ ಐದೇ ನಿಮಿಷ ಉಳಿಯಿತು. ಹಾಕಿಕೊಳ್ಳಲು ಹೋದಾಗ ಆ ಅಂಗಿ ಮೊಣಕಾಲಿನಿಂದ ಮೇಲೆ ಬರಲು ಒಪ್ಪಲಿಲ್ಲ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಜಾರುತ್ತದೆ ಎಂದು ಮೇವ್ ಪರದೆಯಡಿಯಿಂದ ಒಂದು ಚೀಲ ತೂರಿಸಿದರು. ಜಾರಿತು. ಕಷ್ಟಪಟ್ಟು ಕೈ ತೂರಿಸಿ, ಜಿಪ್ಪನ್ನು ಎದೆಯ ಮೇಲೆ ಎಳೆದು, ಗೆದ್ದೆ ಎಂದು ಹೊರಗೆ ಬಂದರೆ ಇಬ್ಬರೂ ಬಾಯಿಗೆ ಕೈ ಹಿಡಿದುಕೊಂಡರು. ಬ್ಲೌಸಿನ ಹುಕ್ಕಿನ ಹಾಗೆ ಜಿಪ್ಪು ಮುಂದೆ ಬರಬೇಕೆಂದು ಅಂಗಿಯನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದೆ. ಮೊಣಕಾಲಿಗೆ ಕೊಟ್ಟಿದ್ದ ದಪ್ಪ ತೇಪೆಗಳು ನನ್ನ ಹಿಂದೆ ಇದ್ದವು. ಇಬ್ಬರೂ ಸೇರಿ ಬಾಳೆಹಣ್ಣು ಸುಲಿದ ಹಾಗೆ ನನ್ನನ್ನು ಅದರಿಂದ ಸುಲಿದು ತೆಗೆದರು.

ಸರಿಯಾಗಿ ಹಾಕಿಕೊಂಡ ಮೇಲೆ ಕತ್ತು ಬಿಗಿದು ಉಸಿರು ಕಟ್ಟಿದಂತಾಯಿತು. ದಡದ ಮೇಲೆ ಹಿತವಾಗಿದ್ದರೆ ಅದು ನೀರಿಗೆ ಆಗದ ಅಂಗಿ ಎಂದರು ಮೇವ್. ಕಂಕುಳು, ಸೊಂಟದ ಹಿಂದಿನ ಗುಳಿ, ಮೊಣಕಾಲ ಹಿಂಭಾಗ, ಈ ಮೂರು ಜಾಗದಲ್ಲಿ ಒತ್ತಿ ನೋಡಿ ತಲೆಯಾಡಿಸಿದರು. ನಂತರ ತಂಗಿಯ ಕಡೆ ತಿರುಗಿ ಮೆತ್ತಗೆ ಏನೋ ಕೇಳಿದರು.

ಸವಿತಾ ನೆಲ ನೋಡಿದಳು. "ನನ್ ಹಳೇದು ಈಗ ಸರಿಯಾಗ್ತಿಲ್ಲ ಕಣಕ್ಕ. ಓದ್ ತಿಂಗ್ಳು ಭುಜದ್ ಗಂಟ ಇಳ್ದು, ನಡುಗ್ತಾ ಬಂದ್ಬುಟ್ಟೆ." ಒಂದು ಹೊಸ ಸೂಟು ತೆಗೆದುಕೊಂಡು ಅವಳು ಪರದೆಯ ಹಿಂದಕ್ಕೆ ಹೋದಳು.

ಪರದೆಯ ಹಿಂದೆ

ನಾನು ಸ್ಟೂಲಿನ ಮೇಲೆ ಕುಳಿತೆ. ಮೊದಲು ರಬ್ಬರು ಉಜ್ಜುವ ಸದ್ದು ಬಂತು. ಮತ್ತೆ ಏನೂ ಇಲ್ಲ. ಮೇವ್ ಕಿಟಕಿಯ ಹೊರಗೆ ನೋಡುತ್ತ ನಿಂತುಬಿಟ್ಟರು.

"ಸವಿ, ಜಿಪ್ ಸಿಕ್ಕಾಕತಾ?"

ನಾನು ಪರದೆ ಸರಿಸಿದೆ.

ಸೂಟು ಸೊಂಟದವರೆಗೆ ಇತ್ತು. ಅವಳು ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದಳು. ಎದೆಯ ಎಡಭಾಗ ಸಪಾಟಾಗಿತ್ತು. ಕಂಕುಳಿನಿಂದ ಎದೆಯ ನಡುವಿನವರೆಗೆ, ಅಚ್ಚುಕಟ್ಟಾದ ಕೈಯೊಂದು ಹಾಕಿದ ಹೊಲಿಗೆಯ ಗುರುತು.

ನಾನು ಒಳಗೆ ಹೋಗಿ ಪರದೆಯನ್ನು ನನ್ನ ಹಿಂದೆ ಎಳೆದುಕೊಂಡೆ. ಕರಿ ರಬ್ಬರಿನೊಳಗೆ ಬಿಗಿದುಕೊಂಡು ನಾನು, ಅರ್ಧ ರಬ್ಬರಿನಲ್ಲಿ ಅವಳು, ಒಂದು ಮಂಚದಷ್ಟು ಜಾಗ.

"ಯಾವಾಗ?"

"ಎರಡ್ ವರ್ಸ ಆಯ್ತು."

"ಪಲ್ಲವಿ ಮದ್ವೆ ವರ್ಸ."

"ಊಂ. ಅದ್ಕೇ ಬರ್ಲಿಲ್ಲ ಕಣಕ್ಕ."

ಪಲ್ಲವಿ ನನ್ನ ಮಗಳು. ಅವಳ ಮದುವೆಗೆ ರಜ ಸಿಗಲಿಲ್ಲ ಎಂದು ಸವಿತಾ ಫೋನಿನಲ್ಲಿ ಹೇಳಿದ್ದಳು. ಒಬ್ಬಳೇ ಚಿಕ್ಕಮ್ಮ, ಅವಳಿಗೂ ಬಿಡುವಿಲ್ಲವೇ ಎಂದು ನಾನು ಬಾಯಿಗೆ ಬಂದಂತೆ ಬೈದು, ಒಂದು ತಿಂಗಳು ಮಾತು ಬಿಟ್ಟಿದ್ದೆ. ಆ ತಿಂಗಳು ಅವಳು ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು.

"ನಾನ್ ಕಳಿಸ್ತಿದ್ದ ಬ್ಲೌಸ್ಗಳು?"

"ಪೆಟ್ಗೇಲವೆ. ಎಲ್ಲಾನೂ."

ಫೋನಿನಲ್ಲಿ ಪ್ರತಿ ಸಲ 'ಅಳ್ತೆ ಸರ್ಯಾಗದೆ ಕಣಕ್ಕ' ಎನ್ನುತ್ತಿದ್ದಳು. ನನಗೆ ಅಳು ಬರಲಿಲ್ಲ. ಸಿಟ್ಟೂ ಆ ಕ್ಷಣಕ್ಕೆ ಬರಲಿಲ್ಲ. ಕೈ ಮಾತ್ರ ತನ್ನ ಕೆಲಸಕ್ಕೆ ಹೋಯಿತು. ತೋಳು ತೂರಿಸಿ, ಹೆಗಲು ಎಳೆದು, ಜಿಪ್ಪು ಮೇಲಕ್ಕೆ ತಂದೆ. ಹೆಂಗಸರ ಸೂಟು, ಎರಡೂ ಕಡೆ ಉಬ್ಬು ಕೊಟ್ಟು ಅಚ್ಚು ಮಾಡಿದ್ದರು. ಎಡಗಡೆ ಉಬ್ಬಿನ ಕೆಳಗೆ ಬರೀ ಟೊಳ್ಳು. ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗಿ, ಬಿಟ್ಟರೆ ಪುಟಕ್ಕನೆ ಹೊರಕ್ಕೆ ಬಂತು.

"ಡಾಕ್ಟ್ರು ನೀರಿಗಿಳಿ ಅಂತ ಬರ್ದುಕೊಟ್ಟವ್ರೆ," ಎಂದಳು ಸವಿತಾ. "ಆದ್ರೆ ಇಲ್ಲಿ ನೀರ್ ಬಂದು ನಿಂತ್ಕತದೆ. ಐಸ್ ಮಡ್ಗ್‌ದಂಗೆ. ಆ ಜಾಗವೆಲ್ಲ ಸೆಟ್ಕಂಡ್ ಬುಡ್ತದೆ. ಒಳಗಿರಾಕೇ ಆಗಲ್ಲ."

ಅಡುಗೆಮನೆಯ ಮೇಜು

ದಾರಿಯಲ್ಲಿ ಸಿಟ್ಟು ಬಂತು. ನಾನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಎದುರಿನ ಕಾರುಗಳು ಬೆರಳೆತ್ತಿದರೂ ನಾನು ಎತ್ತಲಿಲ್ಲ.

"ಶಿವಣ್ಣಂಗೂ ಏಳಿಲ್ವಾ?" ಮನೆಯೊಳಗೆ ಕಾಲಿಡುತ್ತಲೇ ಕೇಳಿದೆ.

"ಇಲ್ಲ. ನೀನೂ ಏಳ್ಬ್ಯಾಡ ಕಣಕ್ಕ, ನಿನ್ ದಮ್ಮಯ್ಯ."

"ನಾವೇನ್ ಸತ್ತೋಗಿದ್ವೇನೇ?"

ಅವಳು ಕೆಟಲಿಗೆ ನೀರು ತುಂಬಿಸಿದಳು, ಸ್ವಿಚ್ ಹಾಕುವುದನ್ನು ಮರೆತಳು. "ಮದ್ವೆ ಮನೇಲಿ ಈ ಸುದ್ದಿ ಬ್ಯಾಡ ಅಂತ ಮೊದ್ಲು ಸುಮ್ಕಿದ್ದೆ. ಆಮೇಕೆ ಏಳಾಕೇ ಬಾಯ್ ಬರ್ಲಿಲ್ಲ. ಏಳ್ಬುಟ್ರೆ ನಿಮ್ಗೆಲ್ಲ ನಾನು ಸವಿತಾ ಆಗಿರಲ್ಲ ಕಣಕ್ಕ. ಕಾಯ್ಲೆಯೋಳಾಗ್ಬುಡ್ತೀನಿ. ದಿನಾ ಫೋನಲ್ಲಿ ಊಟ ಆಯ್ತಾ ಅನ್ನೋದು ಓಗಿ, ಎಂಗಿದೀಯವ್ವ ಅನ್ನೋದು ಬತ್ತದೆ."

"ನೋಡ್ಕಂಡೋರ್ ಯಾರು?"

"ಜೊತೇಲಿ ಕೆಲ್ಸ ಮಾಡೋ ವಯನಾಡಿನೋಳೊಬ್ಳು. ಗಂಜಿ ತಂದ್ಕೊಡ್ತಿದ್ಲು."

ನಮ್ಮ ಪಕ್ಕದ ಕೋಟೆ ತಾಲ್ಲೂಕಿನ ಕಾಡು ದಾಟಿದರೆ ವಯನಾಡು. ಆ ಮುಖ ಕಾಣದ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಾನು ಕೊಡಬೇಕಾಗಿದ್ದ ಗಂಜಿಯನ್ನು ಅವಳು ಕೊಟ್ಟಿದ್ದಳು. ಆ ಸಂಜೆಯೋ ಮುಗಿಯಲೇ ಇಲ್ಲ. ಕಿಟಕಿಯಲ್ಲಿ ಅರಿಶಿನದ ಬೆಳಕು ಕೂತೇ ಇತ್ತು. ಅವಳು ನನ್ನನ್ನು ಅಷ್ಟು ದೂರದಿಂದ ಯಾಕೆ ಕರೆಸಿಕೊಂಡಳು ಎಂಬುದು ಆ ಬೆಳಕಿನಲ್ಲಿ ಮೆಲ್ಲಗೆ ಅರ್ಥವಾಯಿತು. ಬಾಯಲ್ಲಿ ಹೇಳಲಾಗದ್ದನ್ನು ಅಳತೆ ತೆಗೆಯುವವಳು ತಾನೇ ಕಂಡುಕೊಳ್ಳಲಿ ಎಂದು ಕರೆಸಿದ್ದಳು.

ಬೆಳಿಗ್ಗೆ ಅವಳು ಏಳುವ ಮೊದಲೇ ನನ್ನ ಟೇಪು, ಸೀಮೆಸುಣ್ಣ, ಕತ್ತರಿ ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಮೇವ್ ಅಂಗಡಿಗೆ ಹೋದೆ. ನನ್ನ ಇಂಗ್ಲಿಷು ಹತ್ತು ಮಾತಿನದು. ಎದೆಯ ಎಡಭಾಗ ಮುಟ್ಟಿ 'ಸಿಸ್ಟರ್' ಎಂದೆ, ಸೂಟಿನ ಟೊಳ್ಳು ತೋರಿಸಿದೆ, ಒಳಗಿನಿಂದ ತುಂಬಿ ಹೊಲಿಯುವಂತೆ ಕೈಯಾಡಿಸಿದೆ. ಅವರು ಒಳಗೆ ಹೋಗಿ, ಬಳಸಿ ಬಿಟ್ಟ ಒಂದು ಹಳೆ ಸೂಟು, ರಬ್ಬರಿನ ಅಂಟಿನ ಡಬ್ಬಿ, ಬಾಗಿದ ಸೂಜಿ ಮತ್ತು ಸವಿತಾ ಹಾಕಿ ನೋಡಿದ್ದ ಆ ಹೊಸ ಸೂಟನ್ನು ತಂದು ಮೇಜಿನ ಮೇಲಿಟ್ಟರು. ಗಂಡಸರ ಸಪಾಟು ಸೂಟೊಂದನ್ನೂ ಕೊಟ್ಟರು, ಹಾಕಿ ನೋಡಿ ಎಂದು. ಮನೆಗೆ ತಂದು ಹಾಕಿಸಿ ನೋಡಿದರೆ ಅದು ಸವಿತಾಳಿಗೆ ಸೊಂಟದಲ್ಲಿ ದೊಗಳೆ, ಅದರ ಕೆಳಗೆ ಬಿಗಿ. ಆಗಲಿಲ್ಲ.

"ಬಟ್ಟೆ ತಗಿ, ಕೈ ಎತ್ತು," ಎಂದೆ ತಂಗಿಗೆ. ಅವಳು ಕಿಟಕಿಯ ಬಳಿ ಬಂದು ನಿಂತಳು. ಬಲಗೈ ಪೂರ್ತಿ ಎದ್ದಿತು. ಎಡಗೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ನಾನು ಅವಸರ ಮಾಡಲಿಲ್ಲ. ಅದು ಇನ್ನೊಂದು ಗೇಣು ಏರುವವರೆಗೆ ಕಾದೆ. ಗಾಯದ ಗುರುತಿನ ಮೇಲೆ ಕಾಗದ ಇಟ್ಟು ಅಚ್ಚು ತೆಗೆದೆ. ಅವಳ ಚರ್ಮ ಬೆಚ್ಚಗಿತ್ತು. ಅಂಥ ಅಳತೆಯನ್ನು ನಾನು ಯಾವತ್ತೂ ತೆಗೆದಿರಲಿಲ್ಲ.

ಹಳೆ ಸೂಟಿನ ರಬ್ಬರಿನಲ್ಲಿ ಮೂರು ತುಂಡು ಕತ್ತರಿಸಿದೆ, ಒಂದಕ್ಕಿಂತ ಒಂದು ಚಿಕ್ಕದು. ಅಂಚುಗಳನ್ನು ಬ್ಲೇಡಿನಿಂದ ಕಾಗದದಷ್ಟು ತೆಳ್ಳಗೆ ಸವರಿದೆ, ಮೈಗೆ ಒತ್ತಬಾರದಲ್ಲ. ಆ ಅಂಟನ್ನು ಎರಡು ಸಲ ಹಚ್ಚಬೇಕು, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಬೇಕು. ಒಂದು ಸಲ ಕೂರಿಸಿದರೆ ಮುಗಿಯಿತು, ಎತ್ತಲಾಗುವುದಿಲ್ಲ. ನಾನು ಅರ್ಧ ಇಂಚು ಮೇಲೆ ಕೂರಿಸಿಬಿಟ್ಟೆ. ಎತ್ತಲು ಹೋದರೆ ಒಳಗಿನ ಬಟ್ಟೆ ಪರ್ರೆಂದು ಕಿತ್ತುಬಂತು. ಸೂಟೇ ಹಾಳಾಯಿತೆಂದು ಮೇಜಿನ ಮೇಲೆ ತಲೆಯಿಟ್ಟೆ.

"ಬುಡಕ್ಕ," ಎಂದು ಸವಿತಾ ಪಕ್ಕದಲ್ಲಿ ಕುಳಿತಳು. "ನನ್ಗೂ ಎರಡ್ ಸಲ ಹೊಲ್ದವ್ರೆ. ಮೊದ್ಲನೇದು ಕೂಡ್ಕಳ್ಲಿಲ್ಲ."

ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳ ಬಾಯಲ್ಲಿ ಆ ಮಾತು ತಾನಾಗಿ ಬಂದಿತ್ತು. ಹರಿದ ಜಾಗಕ್ಕೆ ತೇಪೆ ಕೊಟ್ಟು, ಮತ್ತೆ ಮೂರು ತುಂಡು ಕತ್ತರಿಸಿದೆ. ಈ ಸಲ ಅವಳು ಸೂಟಿನೊಳಗೆ ನಿಂತಾಗ ಗುರುತು ಮಾಡಿಕೊಂಡೆ. ಅಂಟಿಸಿ, ಅಂಚಿನ ಸುತ್ತ ಬಾಗಿದ ಸೂಜಿಯಲ್ಲಿ ಅರ್ಧ ದಪ್ಪದ ಹೊಲಿಗೆ ಹಾಕಿದೆ. ಎರಡು ದಿನ ಹಿಡಿಯಿತು.

ಪರೀಕ್ಷೆ ಬಚ್ಚಲಿನಲ್ಲಿ. ತೊಟ್ಟಿಗೆ ತಣ್ಣೀರು ತುಂಬಿಸಿ, ಫ್ರಿಜ್ಜಿನ ಐಸೆಲ್ಲ ಸುರಿದು, ಅವಳು ಸೂಟು ಹಾಕಿಕೊಂಡು ಮಲಗಿದಳು. ನಾನು ಸ್ಟೂಲಿನ ಮೇಲೆ ಕುಳಿತು ಗಡಿಯಾರ ನೋಡಿದೆ. ಕಾಲು ಗಂಟೆ. ಕರೀ ಮೀನಿನ ಹಾಗೆ ಅಲ್ಲಿ ಮಲಗಿ ಚಾವಣಿ ನೋಡುತ್ತಿದ್ದವಳು, "ಅಕ್ಕ, ನಿದ್ದೆ ಬತ್ತಾ ಅದೆ," ಎಂದಳು.

ನೀರಿನ ಕೆಳಗೆ

ನನಗೂ ಪಾಠವಾಯಿತು. ಊರಿನ ಈಜುಕೊಳದಲ್ಲಿ ಮೂರು ದಿನ ಮೇವ್ ಕೈ ಹಿಡಿದು ಉಸಿರಾಡುವುದನ್ನು ಕಲಿಸಿದರು. ಉಸಿರು ಬಿಗಿಹಿಡಿಯಬಾರದು, ಅದೊಂದೇ ಕಟ್ಟುನಿಟ್ಟು. ಬಾವಿಯಲ್ಲಿ ಅಪ್ಪ ಕಲಿಸಿದ್ದು ಬಿಗಿಹಿಡಿಯುವುದನ್ನು. ಅದನ್ನು ಮರೆಯಲು ನನಗೆ ಎರಡು ದಿನ ಬೇಕಾಯಿತು. ಹೆಬ್ಬೆರಳು ಮೇಲೆ ಮಾಡಿದರೆ ಮೇಲಕ್ಕೆ ಹೋಗೋಣ ಎಂದರ್ಥ. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ಎಲ್ಲ ಸರಿಯಿದೆ ಎಂದರ್ಥ.

ಸಮುದ್ರಕ್ಕೆ ಇಳಿದ ಬೆಳಿಗ್ಗೆ ಮಂಜಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ತಲೆಗೆ ರಬ್ಬರಿನ ಟೋಪಿ, ಕೈಗೆ ಗವಸು, ಕಾಲಿಗೆ ಬೂಟು. ದೋಣಿ ಇಳಿಸುವ ಇಳಿಜಾರಿನಲ್ಲಿ ಮೂವರೂ ಹಿಂದೆ ಹಿಂದೆ ಹೆಜ್ಜೆ ಇಟ್ಟೆವು. ಸೊಂಟ ಮುಳುಗಿದಾಗ ಬೆನ್ನುಹುರಿಯ ಉದ್ದಕ್ಕೂ ತಣ್ಣೀರಿನ ಒಂದು ಎಳೆ ಇಳಿಯಿತು. ಕೂಗಿಬಿಟ್ಟೆ. ಎಣಿಸು ಎಂದರು ಮೇವ್. ಅರವತ್ತು ಎಣಿಸುವಷ್ಟರಲ್ಲಿ ಆ ಎಳೆ ಬೆಚ್ಚಗಾಗಿ, ನನ್ನದೇ ಆಗಿ, ಮೈಗೆ ಅಂಟಿಕೊಂಡಿತು. ಕತ್ತಿನ ಬಿಗಿತವೂ ಮಾಯ.

ಎರಡಾಳು ಆಳ ಅಷ್ಟೆ. ಆದರೆ ಅಷ್ಟೇ ಆಳದಲ್ಲಿ ಬೇರೊಂದು ಲೋಕವಿತ್ತು. ನನ್ನ ಉಸಿರಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ, ಒಳಕ್ಕೆ, ಹೊರಕ್ಕೆ. ತಳದಿಂದ ಎದ್ದ ಸಮುದ್ರಪಾಚಿಯ ಕಾಡು ಒಂದೇ ಲಯದಲ್ಲಿ ಅತ್ತ ವಾಲಿ ಇತ್ತ ವಾಲಿ ತೂಗುತ್ತಿತ್ತು. ಅಗಲವಾದ ಉದ್ದನೆಯ ಎಲೆಗಳು, ಬೆಂದ ಹೊಗೆಸೊಪ್ಪಿನ ಬಂಗಾರದ ಕಂದು. ಚಿಕ್ಕಂದಿನಲ್ಲಿ ಶಿವಣ್ಣನೂ ನಾನೂ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಬ್ಯಾರನ್ ಮನೆಯೊಳಗೆ ಹೋಗಿ, ಸಾಲುಸಾಲಾಗಿ ನೇತಾಡುವ ಎಲೆಗಳ ಕೆಳಗೆ ಅಂಗಾತ ಮಲಗುತ್ತಿದ್ದೆವು. ಆ ಬ್ಯಾರನ್ನಿಗೆ ಯಾರೋ ಸಮುದ್ರ ತುಂಬಿಸಿ, ಮಾಡು ತೆಗೆದು ಬೆಳಕು ಬಿಟ್ಟಂತಿತ್ತು. ಎಲೆಗಳ ನಡುವೆ ಉಗುರಿನಷ್ಟು ಮೀನುಗಳು ನಿಂತಲ್ಲೇ ನಿಂತಿದ್ದವು. ನನ್ನ ಭಾರ ನನಗೇ ಇರಲಿಲ್ಲ. ಐವತ್ತು ದಾಟಿದ ಮಂಡಿನೋವು ಎಲ್ಲೋ ದಡದ ಮೇಲೆ ಉಳಿದುಕೊಂಡಿತ್ತು.

ಸವಿತಾ ನಮ್ಮಿಂದ ನಾಲ್ಕು ಮಾರು ಮುಂದಿದ್ದಳು. ಕಾಲು ಆಡಿಸದೆ, ಕೈ ಕಟ್ಟಿಕೊಂಡು, ತೇಲದೆ ಮುಳುಗದೆ ನಡುನೀರಿನಲ್ಲಿ ನಿಂತಿದ್ದಳು. ನಾನು ಅವಳ ಎಡಗಡೆಯನ್ನೇ ನೋಡುತ್ತಿದ್ದೆ. ಒಂದು ಸುಕ್ಕು ಕಾಣುತ್ತದೆಯೇ, ಒಂದು ಕಡೆ ನೀರು ತುಂಬಿ ಉಬ್ಬುತ್ತದೆಯೇ. ಅವಳು ನಿಧಾನವಾಗಿ ಗವಸಿನ ಕೈಯನ್ನು ಎಡ ಎದೆಯ ಮೇಲೆ ಇಟ್ಟುಕೊಂಡಳು. ನನ್ನ ಉಸಿರು ತಪ್ಪಿತು. ಮೇವ್ ನನ್ನ ಕೈ ಒತ್ತಿದರು.

ಸವಿತಾ ತಿರುಗಿದಳು. ಗಾಜಿನ ಹಿಂದೆ ಅವಳ ಕಣ್ಣುಗಳು ದೊಡ್ಡದಾಗಿ ಕಂಡವು. ಎದೆಯ ಮೇಲಿದ್ದ ಕೈ ಮುಂದೆ ಬಂತು. ಎರಡು ಬೆರಳು ಸೇರಿ ಸೊನ್ನೆಯಾಯಿತು.

ಕಲಿತ ಸನ್ನೆಯೆಲ್ಲ ನನಗೆ ಮರೆತುಹೋಯಿತು. ಮೇವ್ ಕೈ ಬಿಡಿಸಿಕೊಂಡು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿಬಿಟ್ಟೆ. ಮಾಡಿದ್ದೇ ತಡ, ಪಕ್ಕಕ್ಕೆ ವಾಲಿ ತಲೆಕೆಳಗಾದೆ. ಮೇವ್ ಅವರ ಬಾಯಿಂದ ನಗುವಿನ ಗುಳ್ಳೆಗಳು ಬುಳುಬುಳು ಎಂದು ಮೇಲಕ್ಕೆ ಹೋದವು. ನನ್ನ ಕಾಲು ಹಿಡಿದು ಅವರು ನೆಟ್ಟಗೆ ಮಾಡುವವರೆಗೆ ನಾನು ಆ ಬಂಗಾರದ ಎಲೆಗಳನ್ನು ತಲೆಕೆಳಗಾಗಿಯೇ ನೋಡುತ್ತಿದ್ದೆ, ಎದ್ದೇಳಬೇಕೆಂದು ಅನ್ನಿಸಲಿಲ್ಲ.

ಕಲ್ಲುಕಟ್ಟೆ

ಮೇಲೆ ಬಂದಾಗ ಮಂಜು ಅರ್ಧ ಕರಗಿತ್ತು. ಕಟ್ಟೆಯ ಮೇಲೆ ಬೆಳಗಿನ ಈಜಿನವರು ಟೀ ಕುಡಿಯುತ್ತಿದ್ದರು. ನಾನು ಟವೆಲ್ ಹುಡುಕುತ್ತಿದ್ದೆ, ಅವಳಿಗೆ ಮರೆ ಹಿಡಿಯಲು. ಸವಿತಾ ಕಾಯಲಿಲ್ಲ. ಬೆನ್ನ ಹಿಂದಿನ ದಾರ ಹಿಡಿದು ಜಿಪ್ಪು ಎಳೆದಳು.

"ತೋಳ್ ಎಳಿಯಕ್ಕ, ಕೈಯೆಲ್ಲ ಮರಗಟ್ಟದೆ."

ಎಳೆದೆ. ಸೂಟು ಸೊಂಟಕ್ಕೆ ಇಳಿಯಿತು. ಒಳಗೆ ಅವಳು ಬರೀ ಒಂದು ತೆಳ್ಳನೆಯ ಈಜುಡುಗೆ ಹಾಕಿದ್ದಳು, ಒದ್ದೆಯಾಗಿ ಮೈಗಂಟಿದ್ದ ಅದರಲ್ಲಿ ಇದ್ದದ್ದೂ ಇಲ್ಲದ್ದೂ ಎಲ್ಲ ಕಾಣುತ್ತಿತ್ತು. ಅವಳು ಹಾಗೇ ಕಲ್ಲಿನ ಮೇಲೆ ಕುಳಿತು, ಮುಖ ಮೇಲೆ ಮಾಡಿ, ಕೂದಲು ಹಿಂಡಿಕೊಂಡಳು. ಈಜಿನವರಲ್ಲಿ ಒಬ್ಬ ಮುದುಕಿ ಬಂದು ಅವಳ ಕೈಗೆ ಟೀ ಲೋಟ ಕೊಟ್ಟು, ನೀರು ಹೇಗಿತ್ತು ಎಂದು ಕೇಳಿದರು. "ಗ್ರ್ಯಾಂಡ್," ಎಂದಳು ನನ್ನ ತಂಗಿ.

ಎರಡು ಗುಟುಕು ಕುಡಿದು ಅವಳು ನನ್ನ ಚೀಲದಿಂದ ಫೋನು ತೆಗೆದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಊರಿನಲ್ಲಿ ಆಗ ಮಧ್ಯಾಹ್ನ ಮೂರೂವರೆ. ಸ್ಪೀಕರಿನಲ್ಲಿ ಹೊಲ ಉಳುವ ಟಿಲ್ಲರಿನ ಬಡಬಡ ಸದ್ದು, ಅದರ ನಡುವೆ ಶಿವಣ್ಣನ ದನಿ.

"ಅಣ್ಣ, ನಿಂಗೊಂದ್ ವಿಷ್ಯ ಏಳ್ಬೇಕು."

"ಏನವ್ವಾ? ಟಿಲ್ಲರ್ ಮ್ಯಾಗಿವ್ನಿ, ಕೇಳಿಸ್ತಿಲ್ಲ. ಜೋರಾಗೇಳು!"

ಸವಿತಾ ನನ್ನ ಮುಖ ನೋಡಿದಳು. ಟೀ ಲೋಟ ಕೆಳಗಿಟ್ಟಳು. ಆಮೇಲೆ ಆ ಬಂದರಿನ ದೋಣಿಗಳಿಗೂ, ಕಡಲ ಹಕ್ಕಿಗಳಿಗೂ, ಒಂದಕ್ಷರ ಅರ್ಥವಾಗದ ಆ ಮುದುಕಿಯರಿಗೂ ಕೇಳುವಂತೆ ಕೂಗಿ ಹೇಳಿದಳು.

"ನಂಗೆ ಆಪರೇಶನ್ ಆಗಿತ್ತು ಕಣಣ್ಣಾ! ಎದೇದು! ಎರಡ್ ವರ್ಸ ಆಯ್ತು! ನಾನೇ ನಿಮ್ಗೆ ಏಳಿರ್ಲಿಲ್ಲ!"

ಟಿಲ್ಲರಿನ ಸದ್ದು ನಿಂತಿತು. ಅಲ್ಲಿಯ ಗಾಳಿಯ ಸದ್ದು ಮಾತ್ರ ಕೇಳಿಸುತ್ತಿತ್ತು, ರಾಗಿ ಬಿತ್ತಲು ಉತ್ತ ಹೊಲದ ಮೇಲಿನ ಗಾಳಿ. ಶಿವಣ್ಣ ಮಾತಾಡಿದ. ದನಿ ಸಣ್ಣದಾಗಿತ್ತು.

"ಈಗ ಎಲ್ಲಿದ್ದೀಯವ್ವ?"

"ಸಮುದ್ರದ್ ದಡದಲ್ಲಿ. ಅಕ್ಕನೂ ಅವ್ಳೆ. ಈಗ್ತಾನೆ ನೀರಿಂದ ಎದ್ ಬಂದೊ."

"ಚಳಿ ಅದಾ?"

ಅವಳು ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, ಫೋನನ್ನು ಬಾಯಿಗೆ ಹತ್ತಿರ ಹಿಡಿದಳು.

"ಇಲ್ಲ ಕಣಣ್ಣ," ಎಂದಳು. "ಬೆಚ್ಗಿವ್ನಿ."